ಎಲ್ಲ ಕೋಣೆ ನೋಡಲಿ, ಕೀಲಿಕೈ ನಮ್ಮಲ್ಲಿರಲಿ

ಹೊಸ ಜಿಎಸ್‌ಟಿ ದರಗಳು 2025ರ ಸೆಪ್ಟೆಂಬರ್ 22ರಂದು ಜಾರಿಗೆ ಬಂದವು. ಚಾದರ, ಟವೆಲ್‌ನಂಥ ಸಿದ್ಧ ಜವಳಿಗೆ ಅಲ್ಲಿಯವರೆಗೆ ನಗವೊಂದಕ್ಕೆ 1,000 ರೂಪಾಯಿವರೆಗೆ ಶೇ 5, ಅದನ್ನು ಮೀರಿದರೆ ಶೇ 12 ತೆರಿಗೆ ಇತ್ತು. ಈಗ 2,500 ರೂಪಾಯಿವರೆಗೆ ಶೇ 5, ಮೀರಿದರೆ ಶೇ 18. ಸೊಲ್ಲಾಪುರದ ವ್ಯಾಪಾರಿಗೆ ಇದು ಒಂದು ಸಾಲಿನ ಸುದ್ದಿ. ಅವನಿಗೆ ಸಾಫ್ಟ್‌ವೇರ್ ಬರೆದುಕೊಡುವವನಿಗೆ ಹಾಗಲ್ಲ.

ವಿಜಾಪುರ ರಸ್ತೆಯಲ್ಲಿ ನಾಲ್ಕೈದು ಜನರ ಸಾಫ್ಟ್‌ವೇರ್ ಕಚೇರಿಯೊಂದನ್ನು ಊಹಿಸಿಕೊಳ್ಳಿ. ಬಿಲ್ಲಿಂಗ್ ಪ್ರೋಗ್ರಾಂ ಒಂದು ರೆಪೊಸಿಟರಿಯಲ್ಲಿ (ಕೋಡ್ ಇಡುವ ಉಗ್ರಾಣ, ಚಿಕ್ಕದಾಗಿ ರೆಪೊ), ಅಕ್ಕಲಕೋಟೆಯ ಅಂಗಡಿಗಳಿಂದ ಆರ್ಡರ್ ಪಡೆಯುವ ಮೊಬೈಲ್ ಆ್ಯಪ್ ಇನ್ನೊಂದರಲ್ಲಿ, ದಾಸ್ತಾನಿನ ಸರ್ವರ್ ಮತ್ತೊಂದರಲ್ಲಿ. ತೆರಿಗೆಯ ಮಿತಿ ಮೂರೂ ಕಡೆ ಬರೆದಿದೆ. ಎಐ ಕೋಡಿಂಗ್ ಏಜೆಂಟನ್ನು ಬಿಲ್ಲಿಂಗ್ ಫೋಲ್ಡರಿನಲ್ಲಿ ಕೂರಿಸಿ ‘ಹೊಸ ದರ ಹಾಕು’ ಎಂದರೆ ಅಲ್ಲಿಯದನ್ನು ಚೊಕ್ಕವಾಗಿ ತಿದ್ದುತ್ತದೆ, ಪರೀಕ್ಷೆ ನಡೆಸುತ್ತದೆ, ಕೆಲಸ ಮುಗಿಯಿತೆನ್ನುತ್ತದೆ. 1,800 ರೂಪಾಯಿಯ ಚಾದರಕ್ಕೆ ಬಿಲ್ಲಿನಲ್ಲಿ 1,890, ಆ್ಯಪಿನಲ್ಲಿ ಹಳೆಯ ದರದಂತೆ 2,016. ಏಜೆಂಟ್ ದಡ್ಡತನ ಮಾಡಲಿಲ್ಲ. ಉಳಿದೆರಡು ರೆಪೊಗಳಿವೆ ಎಂದು ಅದಕ್ಕೆ ಯಾರೂ ಹೇಳಿರಲಿಲ್ಲ.

ಕ್ಲಾಡ್ ಕೋಡ್, ಕೋಡೆಕ್ಸ್ ಸಿಎಲ್‌ಐ, ಜೆಮಿನಿ ಸಿಎಲ್‌ಐ ಎಂಬ ಇಂಥ ಏಜೆಂಟ್‌ಗಳು ಮೂರೂ 2025ರಲ್ಲೇ ಬಂದವು. ಯಾವುದು ಜಾಣ ಎಂಬ ಚರ್ಚೆಯಲ್ಲೇ ನಮ್ಮ ಹುಡುಗರ ಸಂಜೆ ಕಳೆಯುತ್ತದೆ. ಯಾವುದನ್ನೇ ತನ್ನಿ, ಅದು ಕೆಲಸ ಮಾಡುವ ಜಾಗವನ್ನು ಮೊದಲು ಒಪ್ಪ ಮಾಡಬೇಕು. ಉಪಾಯ ಸರಳ: ವರ್ಕ್‌ಸ್ಪೇಸ್ ಎನ್ನುವ ಒಂದು ತಾಯಿ ಫೋಲ್ಡರ್, ಅದರೊಳಗೆ ಒಂದೇ ಉತ್ಪನ್ನದ ಎಲ್ಲ ರೆಪೊಗಳು, ಮೇಲೆ ಒಂದು ಸೂಚನಾ ಕಡತ. ಹಲವು ಏಜೆಂಟ್‌ಗಳು ಓದುವ ಏಜೆಂಟ್ಸ್.ಎಂಡಿ ಎಂಬ ಕಡತ ಇದಕ್ಕೆಂದೇ ಇದೆ. ಎಲ್ಲವನ್ನೂ ಒಂದೇ ರೆಪೊದಲ್ಲಿ ಸುರಿದರಾಗದೇ ಎನ್ನುವವರಿದ್ದಾರೆ. ಗೂಗಲ್ ಸುಮಾರು 200 ಕೋಟಿ ಸಾಲುಗಳನ್ನು ಹಾಗೆ ಒಂದೆಡೆ ಇಟ್ಟಿರುವುದಾಗಿ 2016ರಲ್ಲಿ ಬರೆದುಕೊಂಡಿತ್ತು. ಅದಕ್ಕೆ ಬೇಕಾದ ಸಲಕರಣೆ ಕಟ್ಟಲು ಅಲ್ಲಿ ಪ್ರತ್ಯೇಕ ತಂಡಗಳಿವೆ, ನಮ್ಮಲ್ಲಿಲ್ಲ.

ಎರಡು ಏಜೆಂಟ್‌ಗಳು ಒಂದೇ ಫೋಲ್ಡರಿನಲ್ಲಿ ಕೂತರೆ ಒಂದರ ತಿದ್ದುಪಡಿಯನ್ನು ಇನ್ನೊಂದು ಅಳಿಸುತ್ತದೆ. ಕೋಡಿನ ಬದಲಾವಣೆಗಳ ಲೆಕ್ಕ ಇಡುವ ಗಿಟ್‌ನಲ್ಲಿ 2015ರಿಂದಲೂ ಇರುವ ವರ್ಕ್‌ಟ್ರೀ ಸೌಲಭ್ಯ ಒಂದೊಂದಕ್ಕೂ ಬೇರೆ ಪ್ರತಿ ಕೊಡುತ್ತದೆ. ಅಷ್ಟು ಸಾಕು.

ಕಷ್ಟ ಇರುವುದು ಸೂಚನಾ ಕಡತದಲ್ಲಿ. ಯಾವ ರೆಪೊ ಯಾವುದನ್ನು ನೆಚ್ಚಿದೆ, ಪರೀಕ್ಷೆ ಹೇಗೆ ಓಡಿಸಬೇಕು ಎಂಬುದನ್ನು ಯಾರಾದರೂ ಬರೆದಾರು. ಆದರೆ ಎರಡು ಚಾದರ ಒಟ್ಟಿಗೆ ಕಟ್ಟಿ ಮಾರಿದರೆ ಅದು ಒಂದು ನಗವೋ, ಎರಡೋ? 2,500ರ ಮಿತಿ ಲೆಕ್ಕ ಹಾಕಲು ಈ ಪ್ರಶ್ನೆ ಬಿಡುವಂತಿಲ್ಲ. ಇಂಥವಕ್ಕೆಲ್ಲ ಉತ್ತರ ಕೋಡಿನಲ್ಲಿ ಸಿಗದು, ಗಿರಾಕಿಯ ಪೇಢಿಯ ಮುನೀಮರ ತಲೆಯಲ್ಲಿರುತ್ತದೆ. ಅವರು ಅರ್ಧ ಕನ್ನಡ, ಅರ್ಧ ಮರಾಠಿಯಲ್ಲಿ ಫೋನಿನಲ್ಲಿ ಹೇಳಿದ್ದನ್ನು ಕೇಳಿಸಿಕೊಂಡ ಹುಡುಗ ಪುಣೆಗೋ ಬೆಂಗಳೂರಿಗೋ ಹೋದರೆ ಆ ಉತ್ತರವೂ ಅವನ ಜೊತೆ ಬಸ್ ಹತ್ತಿತೆಂದೇ ಲೆಕ್ಕ. ಏಜೆಂಟ್‌ಗಾಗಿ ಬರೆದಿಟ್ಟ ಎರಡು ಪುಟ, ನಾಳೆ ಕೆಲಸಕ್ಕೆ ಸೇರುವವನಿಗೂ ಆಗುತ್ತದೆ. ನನ್ನ ಪ್ರಕಾರ ಈ ಇಡೀ ಏರ್ಪಾಡಿನ ದೊಡ್ಡ ಲಾಭ ಇದೇ. ಕಡತ ಮಾತ್ರ ಉದ್ದವಾಗಬಾರದು. ಏಜೆಂಟ್ ಓದುವ ಪ್ರತಿ ಸಾಲಿಗೂ ದುಡ್ಡು ಬೀಳುತ್ತದೆ, ಉದ್ದವಾದಷ್ಟೂ ಮುಖ್ಯ ಮಾತು ಕಳೆದುಹೋಗುತ್ತದೆ.

ಇನ್ನು ಅಪಾಯ. 2025ರ ಮೇ ತಿಂಗಳಲ್ಲಿ ಇನ್ವೇರಿಯಂಟ್ ಲ್ಯಾಬ್ಸ್ ಸಂಶೋಧಕರು ಒಂದು ದಾಳಿಯನ್ನು ಮಾಡಿ ತೋರಿಸಿದರು. ಸಾರ್ವಜನಿಕ ಗಿಟ್‌ಹಬ್ ರೆಪೊದಲ್ಲಿ ದೂರಿನ ರೂಪದಲ್ಲಿ ಅಡಗಿಸಿಟ್ಟ ಸೂಚನೆಯನ್ನು ಓದಿದ ಏಜೆಂಟ್, ತನ್ನ ಬಳಕೆದಾರನ ಖಾಸಗಿ ರೆಪೊದ ಮಾಹಿತಿಯನ್ನು ಹೊರಗೆ ಹಾಕಿತು. ಜುಲೈನಲ್ಲಿ ರೆಪ್ಲಿಟ್ ಎಂಬ ಕಂಪನಿಯ ಏಜೆಂಟ್, ಏನನ್ನೂ ಬದಲಿಸಬೇಡ ಎಂದು ಹೇಳಿದ್ದರೂ ಬಳಕೆದಾರನೊಬ್ಬನ ಅಸಲಿ ಡೇಟಾಬೇಸನ್ನೇ ಅಳಿಸಿತು. ಆಮೇಲೆ ಕಂಪನಿ ಪ್ರಯೋಗದ ಡೇಟಾಬೇಸನ್ನೂ ಅಸಲಿಯದನ್ನೂ ಬೇರ್ಪಡಿಸಿತು. ಬಾಯಿಮಾತಿನ ನಿಷೇಧ ಬೇಲಿಯಾಗದು.

ಹಾಗಾಗಿ ಇಬ್ಬರು ಗಿರಾಕಿಗಳ ಕೋಡ್ ಒಂದೇ ವರ್ಕ್‌ಸ್ಪೇಸ್‌ನಲ್ಲಿ ಸೇರಕೂಡದು. ಒಬ್ಬರ ದರಪಟ್ಟಿ ಇನ್ನೊಬ್ಬರ ಆ್ಯಪಿಗೆ ಸೋರಿದರೆ ಈ ಊರಿನಲ್ಲಿ ಮುಖ ತೋರಿಸುವಂತಿಲ್ಲ. ಪಾಸ್‌ವರ್ಡ್, ಜಿಎಸ್‌ಟಿ ಪೋರ್ಟಲ್‌ನ ಲಾಗಿನ್ ಆ ಫೋಲ್ಡರಿನ ಆಚೆಗಿರಲಿ. ಏಜೆಂಟ್‌ಗೆ ಕೊಡುವುದು ನಕಲಿ ಬಿಲ್ಲುಗಳ ಡೇಟಾ ಮಾತ್ರ. ಮೂರೂ ರೆಪೊಗಳ ತಿದ್ದುಪಡಿಯನ್ನು ಒಟ್ಟಿಗೆ ಓದಿ ನೋಡಿ ಸೇರಿಸುವ ಅಧಿಕಾರ ಮನುಷ್ಯನದಾಗಿರಲಿ.

ಏಜೆಂಟಿನ ಮುಂದಿನ ತಿಂಗಳ ಚಂದಾ ಕಟ್ಟುವ ಮೊದಲು ಮುನೀಮರ ಎದುರು ಒಂದು ಮಧ್ಯಾಹ್ನ ಕೂತು ಆ ಎರಡು ಪುಟ ಬರೆಯಿರಿ. ಕೆಳಗೆ ಬರೆದವರ ಹೆಸರು, ತಾರೀಖು ಹಾಕುವುದನ್ನು ಮರೆಯಬೇಡಿ. ತೆರಿಗೆ ದರ ಮತ್ತೆ ಬದಲಾಗುತ್ತದೆ.