ವ್ಯಸನಿಯು ಅಪರಾಧಿಯೋ, ರೋಗಿಯೋ?

1921ನೆಯ ಇಸವಿ ಜುಲೈ 1ನೆಯ ತಾರೀಖಿನಂದು ಧಾರವಾಡದಲ್ಲಿ ಸೆರೆಯ ಅಂಗಡಿಯ ಮುಂದೆ ಪಿಕೆಟಿಂಗ್ ನಡೆದ ಕಾಲಕ್ಕೆ ಪೋಲೀಸರು ಗೋಳೀಬಾರು ಮಾಡಲಾಗಿ ಮೂವರು ಪ್ರಾಣವನ್ನು ತೆತ್ತರು. ಪ್ರಜೆಗಳ ದುಶ್ಚಟದಿಂದ ಪರಕೀಯ ಸರಕಾರವು ತನ್ನ ಬೊಕ್ಕಸವನ್ನು ತುಂಬಿಕೊಳ್ಳುತ್ತಲಿದೆಯೆಂಬುದೇ ಅಂದಿನ ದೇಶಭಕ್ತರ ಮುಖ್ಯ ಆಕ್ಷೇಪವಾಗಿದ್ದಿತು.

ಆ ಪರಕೀಯ ಸರಕಾರವು ಹೋಯಿತು. ಹರಿದು ಹಂಚಿಹೋಗಿದ್ದ ಕನ್ನಡ ನಾಡು 1956ರಲ್ಲಿ ಒಂದುಗೂಡಿತು. ಆದರೆ ಬೊಕ್ಕಸದ ಮಾತೇನು? 2003ರಿಂದ ಮದ್ಯದ ಸಗಟು ವ್ಯಾಪಾರವು ನಮ್ಮ ಸರಕಾರದ ನಿಗಮದ ಕೈಯಲ್ಲಿಯೇ ಇರುತ್ತದೆ. 2025-26ರ ಮುಂಗಡ ಪತ್ರದಲ್ಲಿ ಅಬಕಾರಿಯಿಂದ 40,000 ಕೋಟಿ ರೂಪಾಯಿಗಳ ಉತ್ಪನ್ನವನ್ನು ನಿರೀಕ್ಷಿಸಲಾಗಿದ್ದಿತು. ಅಂದು ಪರರನ್ನು ಕೇಳಿದ ಪ್ರಶ್ನೆಯನ್ನು ಇಂದು ನಮ್ಮನ್ನೇ ನಾವು ಕೇಳಿಕೊಳ್ಳಬೇಕಾಗಿದೆ.

ಪಾನನಿರೋಧವನ್ನು ತರಲು ರಾಜ್ಯವು ಯತ್ನಿಸಬೇಕೆಂದು ಸಂವಿಧಾನದ 47ನೆಯ ಅನುಚ್ಛೇದವು ವಿಧಿಸಿರುವುದಷ್ಟೆ. ಅದನ್ನು ನ್ಯಾಯಾಲಯದ ಮುಖಾಂತರ ಜಾರಿಗೊಳಿಸಲು ಬಾರದೆಂದು 37ನೆಯ ಅನುಚ್ಛೇದವು ಹೇಳುವುದು. ಇನ್ನು ಅನುಭವವನ್ನು ನೋಡೋಣ. 1981ರ ಜುಲೈ ತಿಂಗಳಲ್ಲಿ ಬೆಂಗಳೂರಿನಲ್ಲಿ ಮಿಥೈಲ್ ಆಲ್ಕೊಹಾಲು ಬೆರೆತ ಕಳ್ಳಸಾರಾಯಿಯನ್ನು ಕುಡಿದು 300ಕ್ಕೂ ಹೆಚ್ಚು ಬಡಜನರು ಮಡಿದರು. 2007ರ ಜುಲೈ 1ರಂದು, ಎಂದರೆ ಧಾರವಾಡದ ಗೋಳೀಬಾರು ನಡೆದ ತಾರೀಖಿನಂದೇ, ಕರ್ನಾಟಕದಲ್ಲಿ ಸಾರಾಯಿಯು ನಿಷೇಧಿಸಲ್ಪಟ್ಟಿತು. ಸಾರಾಯಿಯೇನೋ ಹೋಯಿತು, ಕುಡಿತವು ಹೋಗಲಿಲ್ಲ. ಕೂಲಿಯವನ ಕೈಯಲ್ಲಿದ್ದ ಸಾರಾಯಿಯ ಪೊಟ್ಟಣವು ಅಗ್ಗದ ವಿಸ್ಕಿಯ ಪೊಟ್ಟಣವಾಯಿತು. ಅಂಗಡಿಯನ್ನು ತೆರೆಯುವುದರಿಂದಾಗಲಿ ಮುಚ್ಚುವುದರಿಂದಾಗಲಿ ಕುಡಿಯುವವನ ದೇಹದಲ್ಲಿ ನೆಲೆಸಿದ ವ್ಯಾಧಿಯು ತಾನಾಗಿ ವಾಸಿಯಾಗುವುದಿಲ್ಲ.

ವ್ಯಾಧಿಯೆಂಬ ಮಾತನ್ನು ನಾವು ಅಲಂಕಾರಕ್ಕಾಗಿ ಹೇಳುತ್ತಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ವರ್ಗೀಕರಣದಲ್ಲಿ ಮದ್ಯದ ವ್ಯಸನಕ್ಕೆ ಸ್ಥಾನವುಂಟು. ಮೊದಲು ಒಂದು ಲೋಟದಿಂದ ದೊರೆಯುತ್ತಿದ್ದ ಅಮಲಿಗೆ ಕ್ರಮೇಣ ಮೂರು ಲೋಟಗಳು ಬೇಕಾಗುವುವು. ಬರಬರುತ್ತ ಮಿದುಳು ಮದ್ಯಕ್ಕೆ ಎಷ್ಟು ಒಗ್ಗಿಕೊಳ್ಳುವುದೆಂದರೆ, ಅದು ದೊರೆಯದಿದ್ದರೆ ಮುಂಜಾನೆಯೇ ಕೈ ನಡುಗುವುದು. ಆಗ ಮನುಷ್ಯನು ಸುಖಕ್ಕಾಗಿ ಕುಡಿಯುವುದಿಲ್ಲ, ಸಂಕಟವನ್ನು ತಡೆಯಲಾರದೆ ಕುಡಿಯುತ್ತಾನೆ.

ಇಲ್ಲಿಯೇ ಒಂದು ಘೋರವಾದ ಅಪಾಯವು ಅಡಗಿದೆ. ನಮ್ಮಲ್ಲಿ ಅನೇಕರು ದೇವರ ಮುಂದೆ ಆಣೆಯಿಟ್ಟು ಒಂದೇ ದಿನದಲ್ಲಿ ಕುಡಿತವನ್ನು ಬಿಟ್ಟುಬಿಡುವರು. ಅವರ ಸಂಕಲ್ಪವು ಸ್ತುತ್ಯವಾದದ್ದು. ಆದಾಗ್ಯೂ ವರ್ಷಗಟ್ಟಲೆ ವಿಪರೀತ ಕುಡಿದವನು ಥಟ್ಟನೆ ನಿಲ್ಲಿಸಿದರೆ ಎರಡು ಮೂರು ದಿನಗಳಲ್ಲಿ ಅವನಿಗೆ ಬೆವರು, ನಿದ್ರಾನಾಶ, ಫಿಟ್ಸು, ಚಿತ್ತಭ್ರಮೆಗಳು ಉಂಟಾಗಬಹುದು. ಗೋಡೆಯ ಮೇಲೆ ಇಲ್ಲದ ಹಾವುಹುಳುಗಳು ಅವನ ಕಣ್ಣಿಗೆ ಕಾಣುವುವು. ಮನೆಯವರು ದೆವ್ವ ಬಡಿಯಿತೆಂದು ಮಂತ್ರವಾದಿಯನ್ನು ಕರೆತರುವರು. ಚಿಕಿತ್ಸೆಯಿಲ್ಲದೆ ಹೋದರೆ ಇದರಲ್ಲಿ ಪ್ರಾಣವೇ ಹೋಗಬಹುದು. ಆಸ್ಪತ್ರೆಯಲ್ಲಿ ಕೆಲವು ದಿನಗಳ ಔಷಧೋಪಚಾರವೂ ಬಿ-1 ಜೀವಸತ್ವವೂ ದೊರೆತರೆ ಸಾಮಾನ್ಯವಾಗಿ ಅದೇ ಮನುಷ್ಯನು ಬದುಕಿಕೊಳ್ಳುವನು. ಬಿಡಬೇಕೆಂದು ನಿಶ್ಚಯಿಸಿದವನು ಸಾಯುವುದಕ್ಕಿಂತ ಹೆಚ್ಚಿನ ಅನ್ಯಾಯವು ಯಾವುದು?

ಗಾಂಜಾ, ಅಫೀಮು ಮೊದಲಾದವುಗಳ ವಿಷಯದಲ್ಲಿ ಕಾಯಿದೆಯು ನಮಗಿಂತ ಹೆಚ್ಚು ದಯೆಯನ್ನು ತೋರಿಸಿದೆ. 1985ರ ಮಾದಕ ದ್ರವ್ಯಗಳ ಕಾಯಿದೆಯು ಮಾರುವವನಿಗೆ ಕಠಿಣವಾಗಿದೆ. ಆದರೆ ಸೇವನೆಯ ಇಲ್ಲವೆ ಅಲ್ಪ ಪ್ರಮಾಣದ ಅಪರಾಧಕ್ಕೆ ಗುರಿಯಾದ ವ್ಯಸನಿಯು ಸ್ವಇಚ್ಛೆಯಿಂದ ಸರಕಾರದ ಇಲ್ಲವೆ ಮಾನ್ಯತೆ ಪಡೆದ ಆಸ್ಪತ್ರೆಯಲ್ಲಿ ಚಿಕಿತ್ಸೆಗೆ ಒಳಗಾದರೆ, 64-ಎ ಕಲಮಿನ ಪ್ರಕಾರ ಆ ಬಗ್ಗೆ ಅವನ ಮೇಲೆ ಖಟ್ಲೆ ನಡೆಯಲಾರದು. ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟರೆ ಮಾತ್ರ ಈ ರಕ್ಷಣೆಯು ತಪ್ಪಬಹುದು. ಎಷ್ಟು ಜನ ತಂದೆತಾಯಿಗಳು ಇದನ್ನು ಬಲ್ಲರು? ಮಾನಕ್ಕಂಜಿ ಮಗನನ್ನು ಕೋಣೆಯಲ್ಲಿ ಬಚ್ಚಿಡುವರು. ಆ ಕೋಣೆಯಲ್ಲಿಯೇ ಅವನು ಕೆಡುತ್ತಾನೆ.

ಆದುದರಿಂದ ನಮ್ಮ ಬೇಡಿಕೆಯು ಸ್ಪಷ್ಟವಾಗಿದೆ. ಅಬಕಾರಿಯ ಉತ್ಪನ್ನದಲ್ಲಿ ಒಂದು ನಿಶ್ಚಿತ ಪಾಲನ್ನು ಕಾಯಿದೆಯಿಂದಲೇ ತೆಗೆದಿರಿಸಬೇಕು. ಪ್ರತಿಯೊಂದು ತಾಲೂಕಿನ ಆಸ್ಪತ್ರೆಯಲ್ಲಿಯೂ ವ್ಯಸನಿಗಳಿಗಾಗಿ ಹಾಸಿಗೆಗಳೂ ಈ ವಿದ್ಯೆಯನ್ನು ಬಲ್ಲ ವೈದ್ಯರೂ ಇರಬೇಕು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಇಂತಹ ಚಿಕಿತ್ಸೆಯುಂಟು. ಆದರೆ ಬೀದರಿನ ಕೂಲಿಕಾರನು ಫಿಟ್ಸು ಬಂದ ರಾತ್ರಿ ಬೆಂಗಳೂರನ್ನು ಹೇಗೆ ಮುಟ್ಟಿಯಾನು? ಮದ್ಯವು ಹಳ್ಳಿಯ ಬಾಗಿಲಿಗೆ ಬರಬಹುದಾದರೆ ಮದ್ದು ತಾಲೂಕಿನವರೆಗಾದರೂ ಬರಲಾರದೆ?

ಸರಕಾರಕ್ಕೆ ಹೇಳಿ ಕೈತೊಳೆದುಕೊಂಡರೆ ಸಾಲದು. ಶಾಲಾ ಮಾಸ್ತರರೇ, ಮುಂಜಾನೆ ಕಣ್ಣು ಕೆಂಪಗೆ ಮಾಡಿಕೊಂಡು ತರಗತಿಯಲ್ಲಿ ತೂಕಡಿಸುವ ಹುಡುಗನನ್ನು ಹೊಡೆಯುವ ಮುನ್ನ, ರಾತ್ರಿ ಮನೆಯಲ್ಲಿ ಏನು ನಡೆಯಿತೆಂದು ಕೇಳಿರಿ. ಅವನ ತಂದೆಯನ್ನು ಕಂಡಾಗ ಛೀಮಾರಿ ಹಾಕದೆ, ಆಸ್ಪತ್ರೆಯ ದಾರಿಯನ್ನು ತೋರಿಸಿ, ಸಾಧ್ಯವಾದರೆ ಜೊತೆಗೆ ಹೋಗಿರಿ. ಧಾರವಾಡದಲ್ಲಿ ಪ್ರಾಣ ತೆತ್ತವರ ಋಣವನ್ನು ತೀರಿಸುವುದಕ್ಕೆ ಇಂದು ನಮ್ಮಿಂದಾಗುವ ಸೇವೆಯು ಇದೇ.