ಹೊಲಿದವರ ಕಣ್ಣು

"ಚಿತ್ರ ನೋಡೋದಕ್ಕೂ ಒಂದು ಸಂಸ್ಕಾರ ಬೇಕಾಗುತ್ತೆ ಕಣ್ರಿ."

ಈ ಮಾತನ್ನು ನಾವು ಕಾಲೇಜಿನ ಕಾರಿಡಾರಿನಲ್ಲಿ ಕೇಳಿದ್ದೇವೆ. ಪುಸ್ತಕ ಬಿಡುಗಡೆಯ ಸಭೆಗಳಲ್ಲಿ ಕೇಳಿದ್ದೇವೆ. ನಮ್ಮ ಬೆನ್ನು ತಟ್ಟುವ ಪ್ರಗತಿಪರರ ಬಾಯಲ್ಲೂ ಕೇಳಿದ್ದೇವೆ. ಸಂಸ್ಕಾರ! ಯಾರಿಗೆ ಹದಿನಾರು ಸಂಸ್ಕಾರ, ಯಾರಿಗೆ ಒಂದೂ ಇಲ್ಲ ಎಂದು ಬರೆದಿಟ್ಟವರು ಯಾರು ಎಂಬುದನ್ನು ಈ ಪತ್ರಿಕೆಯ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕೆರೆಯ ನೀರು ಮುಟ್ಟಬೇಡಿ ಅಂದರು, ಮುಟ್ಟಿದೆವು. ಅಕ್ಷರ ಮುಟ್ಟಬೇಡಿ ಅಂದರು, ಮುಟ್ಟಿದೆವು. ಚಿತ್ರದ ವಿಷಯದಲ್ಲಿ ಮಾತ್ರ ಯಾರೂ ಬೇಡ ಅನ್ನುವುದಿಲ್ಲ. ಬಾಗಿಲು ತೆರೆದೇ ಇದೆ. ಒಳಗೆ ಹೋದ ಮೇಲೆ ಒಂದು ಮುಗುಳ್ನಗೆ, ಅಷ್ಟೇ. ಆ ನಗೆಯ ವಿರುದ್ಧ ನಾವಿನ್ನೂ ಸತ್ಯಾಗ್ರಹ ಹೂಡಿಲ್ಲ.

ಒಮ್ಮೆ ನಮ್ಮ ಕೇರಿಯಿಂದ ಹತ್ತು ಹನ್ನೆರಡು ಜನ ಸಭೆಗೆಂದು ನಗರಕ್ಕೆ ಹೋಗಿದ್ದೆವು. ಸಭೆ ಮುಗಿಯಿತು, ಬಸ್ಸಿಗೆ ಇನ್ನೂ ಹೊತ್ತಿತ್ತು. ಹತ್ತಿರದಲ್ಲೇ ಒಂದು ಚಿತ್ರಶಾಲೆ. ನೋಡಿಯೇ ಬಿಡೋಣ ಎಂದು ಹೊರಟೆವು. ಬಾಗಿಲಲ್ಲಿ ನಮ್ಮವರು ಒಬ್ಬೊಬ್ಬರಾಗಿ ಚಪ್ಪಲಿ ಬಿಟ್ಟರು. ಬಿಡಿ ಎಂದು ಯಾರೂ ಹೇಳಿರಲಿಲ್ಲ. ಕಾವಲಿನವನು "ಇದೇನ್ ಗುಡೀನಾ? ಹಾಕ್ಕೊಂಡೇ ಹೋಗ್ರಪ್ಪ" ಎಂದು ನಕ್ಕ. ಅವನ ಮೇಲೆ ಸಿಟ್ಟಿಲ್ಲ, ಅವನೂ ನಮ್ಮಂಥವನೇ. ಒಳಗೆ ಒಂದು ಚಿತ್ರದ ಮುಂದೆ ನಿಂತು ನಾವು ನಮ್ಮ ಗಂಟಲಲ್ಲೇ ಮಾತಾಡಿದೆವು. ಒಬ್ಬ ಮಹನೀಯರು ತುಟಿಗೆ ಬೆರಳಿಟ್ಟು ತೋರಿಸಿದರು. ಐದೇ ನಿಮಿಷಕ್ಕೆ ಹೊರಗೆ ಬಂದು ಚಪ್ಪಲಿ ಮೆಟ್ಟಿಕೊಂಡೆವು. ಏನು ನೋಡಿದಿರಿ ಎಂದು ಬಸ್ಸಿನಲ್ಲಿ ಯಾರೂ ಯಾರನ್ನೂ ಕೇಳಲಿಲ್ಲ.

ಹಾಗಂತ ನಮ್ಮ ಕಣ್ಣು ಖಾಲಿ ಹಲಗೆಯೇನಲ್ಲ. 1894ರಲ್ಲಿ ರಾಜಾ ರವಿವರ್ಮ ಮುಂಬಯಿಯಲ್ಲಿ ಅಚ್ಚುಕೂಟ ಹಾಕಿದ. ಅಲ್ಲಿಂದ ಲಕ್ಷ್ಮಿ ಸರಸ್ವತಿಯರು ಸಾವಿರ ಸಾವಿರ ಪ್ರತಿಗಳಾಗಿ ದೇಶದ ತುಂಬ ಹರಡಿದರು. ಗುಡಿಯೊಳಗೆ ನಮಗೆ ಕಾಣದಿದ್ದ ದೇವರು ಅಂಗಡಿಯವನ ಕ್ಯಾಲೆಂಡರಾಗಿ ನಮ್ಮ ಗುಡಿಸಲಿಗೇ ಬಂತು. ಇದನ್ನು ದೊಡ್ಡ ಕ್ರಾಂತಿ ಅನ್ನುವವರಿದ್ದಾರೆ. ಅರ್ಧ ನಿಜ. ಇನ್ನರ್ಧ ಏನೆಂದರೆ, ದೇವತೆಯ ಜೊತೆಗೆ ಅವಳ ಬಿಳಿ ತೊಗಲೂ ಬಂತು. ಕೆಲಸ ಕಾಣದ ಕೈ, ಕೆಸರು ಕಾಣದ ಪಾದ ಬಂತು. ಅದರ ಕೆಳಗೇ ಕೂತು ನಮ್ಮವ್ವಂದಿರು ಒಲೆ ಊದಿದರು. ಲಕ್ಷಣ ಅಂದರೆ ಇದು ಎಂದು ನಾವು ಕಲಿತೆವು. ಹೆಣ್ಣು ನೋಡಲು ಹೋದ ನಮ್ಮ ಪದವೀಧರ ತಮ್ಮಂದಿರು "ಹುಡುಗಿ ಸ್ವಲ್ಪ ಕಪ್ಪು" ಅಂದರು. ಚಿತ್ರದ ಪಾಠ ನಮಗೆ ಆಗಿಲ್ಲ ಅನ್ನುವುದು ಸುಳ್ಳು. ಆಗಿದೆ. ಪಾಠ ಮಾಡಿದವರು ಬೇರೆಯವರು.

ಹೋದ ವರ್ಷ ನಮ್ಮ ತಾಲ್ಲೂಕಿನ ಒಂದು ಹಳ್ಳಿಯ ಶಾಲೆಯಲ್ಲಿ ಮೂರು ದಿನ ಅಧ್ಯಯನ ಶಿಬಿರ ಮಾಡಿದೆವು. ಗೆಳೆಯರೊಬ್ಬರು ಪಟ್ಟಣದಲ್ಲಿ ಒಂದು ಚಿತ್ರ ಪ್ರಿಂಟು ಹಾಕಿಸಿಕೊಂಡು ಬಂದಿದ್ದರು. ವಿನ್ಸೆಂಟ್ ವ್ಯಾನ್ ಗೋ 1886ರಲ್ಲಿ ಪ್ಯಾರಿಸ್ಸಿನಲ್ಲಿದ್ದಾಗ ಬರೆದದ್ದು. ಮೂಲಚಿತ್ರ ಆಮ್‌ಸ್ಟರ್‌ಡ್ಯಾಮಿನ ಅವನ ಹೆಸರಿನ ಮ್ಯೂಸಿಯಂನಲ್ಲಿದೆ. ದೊಡ್ಡದೇನಲ್ಲ, ಅಗಲ ಸುಮಾರು ಒಂದೂವರೆ ಅಡಿ. ಎರಡು ಹಳೇ ಬೂಟು, ಬೇರೇನೂ ಇಲ್ಲ. ಒಂದರ ಮೇಲ್ಭಾಗ ಮಡಚಿಕೊಂಡು ಬಿದ್ದಿದೆ, ಇನ್ನೊಂದು ಬಾಯಿ ತೆರೆದಿದೆ, ಲೇಸು ನೆಲದ ಮೇಲೆ ಸುರುಳಿಯಾಗಿದೆ. ಕರಿಹಲಗೆಯ ಪಕ್ಕ ಗೋಂದು ಹಚ್ಚಿ ಅಂಟಿಸಿದೆವು.

ಶಿಬಿರಾರ್ಥಿಗಳಲ್ಲಿ ಒಬ್ಬ "ಬಡತನದ ಸಂಕೇತ" ಅಂದ. ಇನ್ನೊಬ್ಬ "ಶ್ರಮಿಕ ವರ್ಗದ ಪ್ರತೀಕ" ಅಂದ. ಮೂರನೆಯವನು ಬಂಡವಾಳಶಾಹಿಯನ್ನು ತಂದ. ಎರಡು ನಿಮಿಷದಲ್ಲಿ ಚಿತ್ರ ಮುಗಿಯಿತು. ಎಲ್ಲರೂ ನಮ್ಮ ಹಾಗೆ ಡಿಗ್ರಿ ಮಾಡಿದವರು. ಪರೀಕ್ಷೆಗೆ ಸಂಕೇತ ಬರೆದು ಬರೆದು, ಎದುರಿಗಿದ್ದದ್ದನ್ನು ನೋಡುವ ಅಭ್ಯಾಸವೇ ತಪ್ಪಿಹೋಗಿದೆ.

ಮಧ್ಯಾಹ್ನ ಮೊಮ್ಮಗನನ್ನು ಹುಡುಕಿಕೊಂಡು ಕೇರಿಯ ತಾತನೊಬ್ಬ ಬಂದ. ಐವತ್ತು ವರ್ಷ ಎಕ್ಕಡ ಹೊಲಿದ ಕೈ. ಚಿತ್ರದ ಮುಂದೆ ಕುಕ್ಕರಗಾಲಲ್ಲಿ ಕೂತ.

"ಯಾರ್ಲಾ ಹಳೇ ಬೂಡ್ಸ ಗೋಡೆಗೆ ತಗಲಾಕಿರೋದು?"

"ಚಿತ್ರ ತಾತ. ಹೊರದೇಶದೋನು ಬರ್ದಿರೋದು."

"ಅದು ಗೊತ್ತಾಯ್ತದೆ ಬುಡು."

ಬಹಳ ಹೊತ್ತು ಮಾತಿಲ್ಲ. ಬೀಡಿ ಹಚ್ಚಲು ಹೋದವನು, ಶಾಲೆ ಎಂದು ನೆನಪಾಗಿ ಕಿವಿಗೆ ಸಿಕ್ಕಿಸಿಕೊಂಡ. ಆಮೇಲೆ ಬೆರಳು ಮಾಡಿ ಅಂದ: "ಒಳ್ಳೆ ತೊಗಲು. ಹದ ಮಾಡ್ದೋನು ಬಲ್ಲೋನು. ಇಷ್ಟು ತುಳ್ದವ್ರೆ, ನೀರು ಕುಡ್ದದೆ, ಆದ್ರೂ ಹರಿದಿಲ್ಲ, ಮಡಚ್ಕಂಡು ಬಿದ್ದದೆ ಅಷ್ಟೆ. ಇದ್ರ ಬಾಯಿ ನೋಡು, ಹೆಂಗೆ ಅಗಲ ಕಿತ್ತವ್ನೆ. ಸುಸ್ತಾಗಿ ಬಂದೋನು ಹಂಗೇ ಬಿಚ್ಚೋದು." ಮತ್ತೆ ಸುಮ್ಮನಾದ. ಎದ್ದು ಹೋಗುವಾಗ ಕೇಳಿದ: "ಇವೆರಡೂ ಒಂದೇ ಜೋಡಿನೇನ್ಲಾ ಮಗಾ? ನಂಗ್ಯಾಕೋ ಎರಡೂ ಎಡಗಾಲಿನವೇ ಕಂಡಂಗಾಯ್ತದೆ."

ನಾವು ನಕ್ಕೆವು. ಚಿತ್ರಶಾಲೆಯ ಆ ಮುಗುಳ್ನಗೆ ನಮಗೆ ತಿಳಿಯದ ಹಾಗೆ ನಮ್ಮ ಮುಖಕ್ಕೇ ಬಂದು ಕೂತಿತ್ತು.

ಆ ರಾತ್ರಿ ಹುಡುಕಿ ಓದಿದೆವು. ಈ ಬೂಟುಗಳ ಮೇಲೆ ದೊಡ್ಡ ದೊಡ್ಡ ಪಂಡಿತರು ಜಗಳವಾಡಿದ್ದಾರೆ! ಜರ್ಮನಿಯ ಹೈಡೆಗರ್ 1930ರ ದಶಕದಲ್ಲಿ ಕಲೆಯ ಮೂಲ ಯಾವುದು ಎಂದು ವಿಚಾರ ಮಾಡುತ್ತ, ಇವು ರೈತ ಹೆಂಗಸಿನ ಮೆಟ್ಟು ಎಂದ. ಬೂಟಿನ ಒಳಗಿನ ಕತ್ತಲಲ್ಲಿ ಅವಳ ದುಡಿಮೆಯನ್ನೂ ಹೊಲವನ್ನೂ ಕಂಡ. ಚೆನ್ನಾಗಿಯೇ ಕಂಡ. (ಅದೇ ಮನುಷ್ಯ 1933ರಲ್ಲಿ ನಾಜಿ ಪಕ್ಷ ಸೇರಿದ್ದ. ಮಣ್ಣಿನ ಮಾತಾಡುವವರೆಲ್ಲ ಮಣ್ಣಿನವರಲ್ಲ.) 1968ರಲ್ಲಿ ಅಮೆರಿಕದ ಕಲಾ ಇತಿಹಾಸಕಾರ ಮೇಯರ್ ಶಪಿರೊ ಎದ್ದು ನಿಂತು, ರೈತ ಹೆಂಗಸು ಅನ್ನುವುದು ನಿಮ್ಮ ಕಲ್ಪನೆ, ಇವು ಪಟ್ಟಣದಲ್ಲಿದ್ದ ಚಿತ್ರಕಾರನ ಸ್ವಂತ ಬೂಟು ಎಂದ. 1978ರಲ್ಲಿ ಫ್ರಾನ್ಸಿನ ಡೆರಿಡಾ ಇಬ್ಬರನ್ನೂ ಹಿಡಿದು ಕೇಳಿದ: ಇದು ಜೋಡಿ ಎಂದು ನಿಮಗೆ ಹೇಳಿದವರಾರು? ಎರಡೂ ಎಡಗಾಲಿನವು ಯಾಕಿರಬಾರದು?

ತಾತನ ಪ್ರಶ್ನೆ. ತತ್ವಜ್ಞಾನಿ ಕೇಳಿದರೆ ಪುಸ್ತಕ, ತಾತ ಕೇಳಿದರೆ ನಗು.

ಇನ್ನೊಂದನ್ನು ಗಮನಿಸಿ. ಜಗಳ ನಡೆದದ್ದು ಬೂಟಿನ ಒಡೆಯ ಯಾರು ಎಂಬುದರ ಮೇಲೆ. ರೈತಳೋ, ಚಿತ್ರಕಾರನೋ, ಇಬ್ಬರೂ ಅಲ್ಲವೋ. ಹೊಲಿದವನು ಯಾರು? ತೊಗಲು ಹದ ಮಾಡಿದವನು ಯಾರು? ತಾತನ ಬಾಯಿಂದ ಮೊದಲು ಬಂದ ಮಾತೇ ಅದು.

ಹದ. ಹಸಿ ತೊಗಲನ್ನು ಸುಣ್ಣದ ನೀರಲ್ಲಿ ನೆನೆಹಾಕಿ, ಕೂದಲು ಕೆರೆದು, ತಂಗಡಿ ಚಕ್ಕೆಯ ನೀರಲ್ಲಿ ದಿನಗಟ್ಟಲೆ ಇಟ್ಟು, ಆ ನಾತದಲ್ಲೇ ಉಂಡು ಮಲಗಿ ನಮ್ಮ ಹಿರಿಯರು ಕಲಿತ ಮಾತು. ಉಳುವ ಮಣ್ಣಿಗೆ ಹದ ಇದೆ, ಕುಂಬಾರನ ಮಣ್ಣಿಗೆ ಹದ ಇದೆ, ಬೆಂಕಿಗೆ ಕಾಯಿಸುವ ತಮಟೆಗೆ ಹದ ಇದೆ. ಸಂಸ್ಕೃತದವರು ರಸ ಅಂದರು, ಅದನ್ನು ಸವಿಯುವವನಿಗೆ ಸಹೃದಯ ಎಂದು ಬಿರುದು ಕೊಟ್ಟರು. ರಸ ಉಣ್ಣುವವನ ಮಾತು. ಹದ ಮಾಡುವವನ ಮಾತು. 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿದಾಗ ನಮ್ಮ ಹಿರಿಯರು ಕಾವ್ಯದ ಅಳತೆಗೋಲನ್ನು ಮುರಿದರು. ಚಿತ್ರದ ಅಳತೆಗೋಲು ಯಾರ ಕೈಯಲ್ಲಿತ್ತೋ ಅವರ ಕೈಯಲ್ಲೇ ಉಳಿಯಿತು. ಆಡಿನ ಚರ್ಮವನ್ನು ಬೆಳಕು ಹಾಯುವಷ್ಟು ತೆಳ್ಳಗೆ ಹದ ಮಾಡಿ, ತೂತು ಕೊರೆದು, ಬಣ್ಣ ಕಟ್ಟಿ, ಪರದೆಯ ಮೇಲೆ ರಾಮ ರಾವಣರನ್ನು ಕುಣಿಸಿದ ಕಿಳ್ಳೇಕ್ಯಾತರ ಗೊಂಬೆಗಳನ್ನು ಇವರು ಏನೆಂದು ಕರೆಯುತ್ತಾರೆ? ಜಾನಪದ! ಕಲೆಗೆ ಒಂದು ಕೋಣೆ, ಜಾನಪದಕ್ಕೆ ಇನ್ನೊಂದು. ಊರು ಬೇರೆ, ಕೇರಿ ಬೇರೆ.

ಆದರೆ ಗೆಳೆಯರೆ, ಇಲ್ಲಿ ನಮ್ಮ ಬೆನ್ನನ್ನು ನಾವೇ ತಟ್ಟಿಕೊಂಡು ಕೂರುವ ಹಾಗಿಲ್ಲ. ದುಡಿದವನಿಗೆ ಎಲ್ಲ ತಾನಾಗೇ ಕಾಣುತ್ತದೆ ಅನ್ನುವುದೂ ಒಂದು ಮೂಢನಂಬಿಕೆ. ತಾತ ಮೊದಲ ದಿನ ನೋಡಿದ್ದು ಬೂಟು. ಚಿತ್ರವನ್ನಲ್ಲ. ಮಾರನೆ ಬೆಳಿಗ್ಗೆ ಅವನನ್ನೂ ಕರೆದುಕೊಂಡು ಅರ್ಧ ಗಂಟೆ ಅದರ ಮುಂದೆ ಕೂತೆವು. ಸಂಕೇತ ಹೇಳಬಾರದು, ಕಂಡದ್ದನ್ನು ಮಾತ್ರ ಹೇಳಬೇಕು ಎಂದು ಕರಾರು. ಮೊದಲ ಹತ್ತು ನಿಮಿಷ ನರಕ. ಮೊಬೈಲಿನಲ್ಲಿ ದಿನಕ್ಕೆ ಸಾವಿರ ಚಿತ್ರ ಬೆರಳಲ್ಲಿ ತಳ್ಳುವ ನಮಗೆ ಒಂದರ ಮುಂದೆ ಕೂರುವುದೆಂದರೆ ಬೆನ್ನು ನೋವು. ಆಮೇಲೆ ಬಿ.ಎಡ್. ಓದುವ ಹುಡುಗಿಯೊಬ್ಬಳು ಹೇಳಿದಳು: "ಇದ್ರಲ್ಲಿ ಮನೆ ಇಲ್ಲ. ಗೋಡೆ ಎಲ್ಲಿ ಮುಗೀತು, ನೆಲ ಎಲ್ಲಿ ಶುರುವಾಯ್ತು ಗೊತ್ತಾಗಲ್ಲ." ಹೌದು. ಬೂಟುಗಳ ಹಿಂದೆ ಮಾಸಲು ಹಳದಿ ಬೆಳಕು ಬಿಟ್ಟರೆ ಬೇರೆ ಊರಿಲ್ಲ, ಕೇರಿಯಿಲ್ಲ. ಹಾಗಾಗಿಯೇ ಅವು ಎಲ್ಲಿಂದಲೋ ನಡೆದು ಬಂದು ನಮ್ಮ ಮುಂದೆಯೇ ನಿಂತ ಹಾಗಿವೆ. ಒಬ್ಬ ಹತ್ತಿರ ಹೋದ, ದೂರ ಬಂದ. ದೂರದಿಂದ ತೊಗಲು, ಹತ್ತಿರದಿಂದ ಬರೀ ಗೀಟು. ತಾತನೂ ಎದ್ದು ಮೂಗು ತಾಗುವಷ್ಟು ಹತ್ತಿರ ಹೋಗಿ, ಬೆರಳಾಡಿಸಿ ಅಂದ: "ತೊಗಲೇ ಇಲ್ವಲ್ಲೋ ಇಲ್ಲಿ, ಬರೀ ಬಣ್ಣ. ಕಳ್ ನನ್ಮಗ!"

ನಾವು ಕೇಳಿದ ಕಲಾವಿಮರ್ಶೆಗಳಲ್ಲಿ ಅಷ್ಟು ಮನಸಾರೆ ಬಂದ ಮೆಚ್ಚುಗೆ ಇನ್ನೊಂದಿಲ್ಲ. ಬಣ್ಣ ತೊಗಲಾಗುವುದನ್ನು, ತೊಗಲು ಮತ್ತೆ ಬಣ್ಣವಾಗುವುದನ್ನು ತಾತ ಹಿಡಿದಿದ್ದ. ಇದನ್ನು ಯಾರ ಹೊಟ್ಟೆಯಲ್ಲೂ ಹುಟ್ಟುವಾಗ ಕಟ್ಟಿ ಕಳಿಸಿರುವುದಿಲ್ಲ. ಕೂತು, ನೋಡಿ, ಪಕ್ಕದವರಿಗೆ ಹೇಳಿ, ಅವರು ಹೇಳಿದ್ದನ್ನು ಮತ್ತೆ ನೋಡಿ ಕಲಿಯುವುದು. ಹಳ್ಳಿಯ ಮೇಷ್ಟ್ರುಗಳೇ, ಚಿತ್ರಕಲೆಯ ಪಿರಿಯಡ್ಡನ್ನು ಗಣಿತಕ್ಕೆ ಸಾಲ ಕೊಡಬೇಡಿ. ಒಂದು ಚಿತ್ರ ತಂದು ಒಂದು ತಿಂಗಳು ಅಂಟಿಸಿಡಿ. ಅರ್ಥ ಕೇಳಬೇಡಿ. ಏನು ಕಾಣ್ತಿದೆ ಎಂದು ಕೇಳಿ, ಮರುದಿನವೂ ಅದನ್ನೇ ಕೇಳಿ.

ಈಗ ನಮ್ಮೊಳಗಿನ ಮಾತಿಗೆ ಬರೋಣ. ಶಿಬಿರದಲ್ಲೇ ಒಬ್ಬ ಸಂಗಾತಿ ಸಿಡುಕಿದ: "ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು. ಭೂಮಿ ಪ್ರಶ್ನೆ ಬಿಟ್ಟು ಬೂಟು ನೋಡ್ತಾ ಕೂತಿದ್ದೀರಲ್ಲ." ಅವನ ಸಿಟ್ಟು ದೊಡ್ಡದು, ಅದಕ್ಕೆ ಉತ್ತರ ಕೊಡಬೇಕು. ಜರ್ಮನಿಯ ಕೇಥೆ ಕೋಲ್ವಿಟ್ಸ್ ಎಂಬ ಹೆಣ್ಣುಮಗಳು ನೇಕಾರರ ದಂಗೆಯ ಮೇಲೆ ಆರು ಅಚ್ಚುಚಿತ್ರ ಮಾಡಿದಳು. 1898ರಲ್ಲಿ ಬರ್ಲಿನ್ನಿನ ಪ್ರದರ್ಶನದಲ್ಲಿ ಅದಕ್ಕೆ ಚಿನ್ನದ ಪದಕ ಕೊಡಬೇಕೆಂದು ತೀರ್ಪುಗಾರರು ಶಿಫಾರಸು ಮಾಡಿದರೆ ಚಕ್ರವರ್ತಿ ಕೈಸರ್ ಒಪ್ಪಲಿಲ್ಲ. 1943ರ ಬಂಗಾಳದ ಬರದಲ್ಲಿ ಚಿತ್ತಪ್ರಸಾದ್ ಮಿಡ್ನಾಪುರದ ಊರೂರು ಸುತ್ತಿ, ಸಾಯುತ್ತಿದ್ದವರ ಎದುರು ಕೂತು ಮಸಿಯಲ್ಲಿ ಬರೆದ ಚಿತ್ರಗಳ ಪುಸ್ತಕವನ್ನು ಬ್ರಿಟಿಷ್ ಸರ್ಕಾರ ಹಿಡಿದು ಸುಟ್ಟಿತು. ದೊರೆಗಳಿಗೆ ಚಿತ್ರ ಓದಲು ಚೆನ್ನಾಗಿ ಬರುತ್ತದೆ. ಬಾರದಿರುವುದು ನಮಗೆ.

ಕೋಲ್ವಿಟ್ಸಳ ನೇಕಾರರ ಮೆರವಣಿಗೆಯಲ್ಲಿ ಒಬ್ಬ ತಾಯಿ ಇದ್ದಾಳೆ. ಬೆನ್ನ ಮೇಲೆ ಮಗು ನಿದ್ದೆ ಹೋಗಿದೆ. ದಂಗೆಗೆ ಹೊರಟವಳ ಬೆನ್ನ ಮೇಲೆ ನಿದ್ದೆ! ನಮ್ಮ ಪೋಸ್ಟರುಗಳಲ್ಲಿ ಏನಿದೆ? ಬಿಗಿದ ಮುಷ್ಟಿ, ಹರಿದ ಸರಪಳಿ, ಕೆಂಪು ಸೂರ್ಯ. ಎಷ್ಟು ವರ್ಷದಿಂದ ಅದೇ ಮುಷ್ಟಿ? ಆ ಮುಷ್ಟಿಗೆ ಉಗುರಿಲ್ಲ, ಕೊಳೆಯಿಲ್ಲ, ಯಾರ ಕೈಯೂ ಅಲ್ಲ. ಕೊರಳಿಗೆ ಉಗುಳುವ ಮಡಕೆ, ಸೊಂಟಕ್ಕೆ ಪೊರಕೆ ಕಟ್ಟಿಸಿಕೊಂಡ ನಮ್ಮ ಪೂರ್ವಿಕರನ್ನು ಕ್ಯಾನ್‌ವಾಸಿನ ಮೇಲೆ ನಿಲ್ಲಿಸಿದ ನಾಗಪುರದ ಸವಿ ಸಾವರ್ಕರ್ ನಮ್ಮ ಕಾಲದವರೇ. ಅವರ ಚಿತ್ರಗಳನ್ನು ನಮ್ಮಲ್ಲಿ ಎಷ್ಟು ಜನ ನೋಡಿದ್ದೇವೆ? ಕವಿತೆ ಕೆಟ್ಟದಾಗಿದ್ದರೆ ಬೈಯುತ್ತೇವೆ. ಪೋಸ್ಟರು ಕೆಟ್ಟದಾಗಿದ್ದರೆ ಗೋಡೆಗೆ ಅಂಟಿಸಿ ಬರುತ್ತೇವೆ.

ಇನ್ನು ನಮ್ಮ ಕೇರಿಗಳ ಮುಂದಿನ ಸಿಮೆಂಟಿನ ಬಾಬಾಸಾಹೇಬರು. ಅಭಿರುಚಿಯವರು ನಗುತ್ತಾರೆ: ತಲೆ ದೊಡ್ಡದು, ಕೈ ಗಿಡ್ಡ, ನೀಲಿ ಬಣ್ಣ ಕಣ್ಣಿಗೆ ಹೊಡೆಯುತ್ತದೆ. ಸ್ವಾಮಿ, ತಲೆ ಆಮೇಲೆ ನೋಡಿ. ಮೊದಲು ಕಾಲು ನೋಡಿ. ಬೂಟು ಹಾಕಿದೆ. ಯಾವ ಬೀದಿಯಲ್ಲಿ ನಮ್ಮ ತಾತಂದಿರು ತಾವೇ ಹೊಲಿದ ಎಕ್ಕಡವನ್ನು ಕೈಯಲ್ಲಿ ಹಿಡಿದು ನಡೆಯಬೇಕಿತ್ತೋ, ಆ ಬೀದಿಯ ತುದಿಯಲ್ಲಿ ಬೂಟು ಹಾಕಿಕೊಂಡು ನಿಂತಿದ್ದಾರೆ. ಇದನ್ನು ಕಾಣದವರು ಅಳತೆಯ ಮಾತಾಡಬಾರದು. ಕಂಡ ಮೇಲೆ ನಾವು ಆಡಬೇಕು. ಸಿಮೆಂಟು ಕೀಳಲ್ಲ. ಬಂಗಾಳದ ಕ್ಷೌರಿಕರ ಮನೆಯಲ್ಲಿ ಹುಟ್ಟಿದ ರಾಮಕಿಂಕರ್ ಬೈಜ್ 1938ರಲ್ಲಿ ಶಾಂತಿನಿಕೇತನದ ಬಯಲಲ್ಲಿ ಸಿಮೆಂಟು, ಜಂಬಿಟ್ಟಿಗೆಯ ಜಲ್ಲಿ ಕಲಸಿ ಸಂತಾಲ ಸಂಸಾರವೊಂದನ್ನು ನಿಲ್ಲಿಸಿದ. ಗಂಡ, ಹೆಂಡತಿ, ಅಡ್ಡೆಯ ಬುಟ್ಟಿಯಲ್ಲಿ ಕೂತ ಮಗು, ಜೊತೆಗೆ ನಾಯಿ. ಕೂಲಿಗೆ ಗುಳೆ ಹೊರಟವರು. ಅಲ್ಲಿ ಸಿಮೆಂಟೇ ನಡೆಯುತ್ತದೆ. ನಮ್ಮ ಬಾಬಾಸಾಹೇಬರಿಗೆ ಅಂಥ ಕೈ ಯಾಕೆ ಬೇಡ? ಚಂದಾ ಎತ್ತಿದವರು ನಾವು, ಕಂಟ್ರಾಕ್ಟರು ಕೊಟ್ಟದ್ದನ್ನು ಹಾರ ಹಾಕಿ ಒಪ್ಪಿಕೊಂಡವರೂ ನಾವು.

ಶಿಬಿರದ ಕಡೇ ಸಂಜೆ ಎಲ್ಲರೂ ಪ್ರತಿಮೆಯ ಹತ್ತಿರ ಹೋದೆವು. ಬಿಟ್ಟ ಕಣ್ಣು ಬಿಟ್ಟ ಹಾಗೆ ನೋಡಿ, ಕಂಡದ್ದು ಹೇಳಿ ಎಂದು ಅಲ್ಲೂ ಅದೇ ಕರಾರು. ಹುಡುಗರು ಕನ್ನಡಕ ಅಂದರು, ಪುಸ್ತಕ ಅಂದರು, ಎತ್ತಿದ ಬೆರಳು ಅಂದರು. ತಾತ ಪೀಠದ ಹತ್ತಿರ ಬಗ್ಗಿ ಕೂತಿದ್ದ. ಬೂಟಿನ ಮೇಲೆ ಕೈಯಾಡಿಸಿ ತಿರುಗಿ ನೋಡಿದ.

"ಇವುಕ್ಕೆ ಲೇಸೇ ಇಕ್ಕಿಲ್ವಲ್ರೋ. ಸಾಹೇಬ್ರು ನಡೆಯೋದ್ ಹೆಂಗ್ಲಾ?"

ಬರುವ ಏಪ್ರಿಲ್ 14ಕ್ಕೆ ಪ್ರತಿಮೆಗೆ ಹೊಸ ಬಣ್ಣ ಹೊಡೆಸಬೇಕೆಂದು ಕೇರಿಯಲ್ಲಿ ಚಂದಾ ಎತ್ತುತ್ತಿದ್ದಾರೆ. ಬಣ್ಣದ ಡಬ್ಬ ಬಿಚ್ಚುವ ಮುಂಚೆ ಒಂದು ಬಾಣಲಿ ಸಿಮೆಂಟು ಕಲಸಿ ಲೇಸು ಕಟ್ಟುವುದೆಂದು ತೀರ್ಮಾನವಾಗಿದೆ. ಪಕ್ಕದಲ್ಲಿ ತಾತ ಕೂತಿರುತ್ತಾನೆ.