ಹೆಂಚಿಗಿದ್ದ ಗುರುತು ಮಾತಿಗೆ ಬೇಡವೇ?



ಕಳೆದ ಮಳೆಗಾಲದಲ್ಲಿ ಮಂಗಳೂರಿನ ಬೋಳಾರದಲ್ಲಿ ಭಕ್ತರೊಬ್ಬರ ಮನೆಯಲ್ಲಿ ನಾವು ಕೆಲವು ದಿನ ತಂಗಿದ್ದೆವು. ಆ ಭಾಗದ ನಿವಾಸಿಗಳು ತಮ್ಮ ಕಷ್ಟಸುಖಗಳನ್ನು ಚರ್ಚಿಸಲು ಒಂದು ವಾಟ್ಸಾಪ್ ಗುಂಪನ್ನು ಮಾಡಿಕೊಂಡಿದ್ದಾರೆ. ಮಳೆ ಬಂದಾಗ ಉಕ್ಕಿ ಮನೆಯಂಗಳಕ್ಕೆ ನುಗ್ಗುವ ತೋಡೊಂದರ ವಿಷಯ ಅಲ್ಲಿ ಚರ್ಚೆಗೆ ಬಂದಿತ್ತು. ತೋಡನ್ನು ಅಗಲಗೊಳಿಸಬೇಕೆಂದು ಒಬ್ಬ ಗೃಹಸ್ಥರು. ಅಗಲಗೊಳಿಸಿದರೆ ತಮ್ಮ ಕಂಪೌಂಡ್ ಗೋಡೆ ಹೋಗುವುದು, ಆದುದರಿಂದ ಕೂಡದೆಂದು ಇನ್ನೊಬ್ಬರು. ಇಬ್ಬರೂ ಪುಟಗಟ್ಟಲೆ ಬರೆದರು. ಏನು ಭಾಷೆ! ಏನು ತರ್ಕ! ಒಂದಕ್ಕೆ ಹತ್ತು ಕಾರಣಗಳು, ಕಾಯಿದೆಯ ಕಲಮುಗಳು, ಸರಕಾರೀ ಆದೇಶಗಳು. ಮೂರು ದಿನಗಳಲ್ಲಿ ಊರು ಎರಡು ಪಕ್ಷವಾಯಿತು. ಆ ಗೃಹಸ್ಥರಿಬ್ಬರಿಗೂ ಎದುರುಬದುರು ಮಾತು ನಿಂತಿತು.

ನಾಲ್ಕನೆಯ ದಿನ ನಿವೃತ್ತ ಶಿಕ್ಷಕರೊಬ್ಬರು ಆ ಆದೇಶದ ಪ್ರತಿಯನ್ನು ಪಡೆಯಲು ಕಚೇರಿಗೆ ಹೋದರು. ಅಂತಹ ಆದೇಶವೇ ಇರಲಿಲ್ಲ. ವಿಚಾರಿಸಿದಾಗ ಒಬ್ಬರು ಒಪ್ಪಿಕೊಂಡರು: ಬರೆದುದು ತಾವಲ್ಲ, ಕೃತಕ ಬುದ್ಧಿಮತ್ತೆಯ ಯಂತ್ರ. ಸ್ವಲ್ಪ ಹೊತ್ತಿನ ಮೇಲೆ ಇನ್ನೊಬ್ಬರೂ ಅದನ್ನೇ ಹೇಳಿದರು. ಎರಡು ಯಂತ್ರಗಳು ವಾದ ಮಾಡಿದ್ದವು, ಮನುಷ್ಯರಿಬ್ಬರು ಹಗೆ ಕಟ್ಟಿಕೊಂಡಿದ್ದರು. ತೋಡಿನ ದಂಡೆಯಲ್ಲಿಯೇ ಬದುಕು ಸವೆಸಿದ ವೃದ್ಧೆಯೊಬ್ಬರು, ಹೂಳು ಕಟ್ಟುವುದು ಯಾವ ತಿರುವಿನಲ್ಲಿ ಎಂಬುದನ್ನು ಎರಡೇ ಸಾಲುಗಳಲ್ಲಿ ಮೊದಲ ದಿನವೇ ತಿಳಿಸಿದ್ದರು. ಆ ಪಾಂಡಿತ್ಯದ ಪ್ರವಾಹದಲ್ಲಿ ಅದನ್ನು ಓದಿದವರೇ ಇಲ್ಲ.

ಇದನ್ನು ಕಂಡ ಮೇಲೆ ಸುಮ್ಮನಿರುವುದು ನಮ್ಮಿಂದಾಗಲಿಲ್ಲ. ನಮ್ಮ ನಿಲುವನ್ನು ಮೊದಲೇ ಸ್ಪಷ್ಟಪಡಿಸುತ್ತೇವೆ. ಯಂತ್ರದ ನೆರವು ಪಡೆಯುವುದು ಪಾಪವೆಂದು ನಾವು ಹೇಳುವುದಿಲ್ಲ. ನೆರವು ಪಡೆದುದನ್ನು ಸಮುದಾಯದ ಮುಂದೆ ಮರೆಮಾಚುವುದು ತಪ್ಪು. ಈ ಎರಡನ್ನು ಒಂದೆಂದು ತಿಳಿಯುವುದರಿಂದಲೇ ಎಲ್ಲ ಗೊಂದಲವೂ ಹುಟ್ಟಿದೆ.

ಬೋಳಾರದವರಿಗೆ ಇದನ್ನು ದೂರದ ದೃಷ್ಟಾಂತದಿಂದ ವಿವರಿಸಬೇಕಾಗಿಲ್ಲ. 1865ರಲ್ಲಿ ಬಾಸೆಲ್ ಮಿಶನ್ನಿನವರು ನೆರೆಯ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದರು. ಆಮೇಲೆ ಈ ನದೀತೀರದುದ್ದಕ್ಕೂ ಕಾರ್ಖಾನೆಗಳು ಎದ್ದವು. ಮಂಗಳೂರು ಹೆಂಚು ಸಮುದ್ರದಾಚೆಗೂ ಹೋಯಿತು. ಹಳೆಯ ಮನೆಯ ಮಾಡಿನಿಂದ ಒಂದು ಹೆಂಚನ್ನು ಇಳಿಸಿ ತಿರುವಿ ನೋಡಿರಿ. ಮಾಡಿದ ಕಾರ್ಖಾನೆಯ ಹೆಸರು ಅಚ್ಚೊತ್ತಿರುತ್ತದೆ. ಅಚ್ಚಿನ ಯಂತ್ರದಿಂದ ಬಂದ ಹೆಂಚು ಅದು, ಕೈಯಿಂದ ತಟ್ಟಿದುದಲ್ಲ. ಅದಕ್ಕಾಗಿ ಯಾರೂ ನಾಚಲಿಲ್ಲ. ಹೆಂಚು ಸೋರಿದರೆ ಯಾರನ್ನು ಕೇಳಬೇಕೆಂಬುದು ಕೊಂಡವನಿಗೆ ತಿಳಿದಿತ್ತು. ಮಾಡಿನ ಮೇಲಿನ ಮಣ್ಣಿಗೆ ಸಲ್ಲುತ್ತಿದ್ದ ಈ ಪ್ರಾಮಾಣಿಕತೆ ನಮ್ಮ ಬಾಯಿಯ ಮಾತಿಗೆ ಸಲ್ಲಬಾರದೇ?

ನಮ್ಮ ನಾಡಿನ ಪರಂಪರೆಯೂ ಇದನ್ನೇ ಹೇಳುತ್ತದೆ. 634ರ ಐಹೊಳೆಯ ಶಾಸನವು ಪುಲಿಕೇಶಿಯ ಕೀರ್ತಿಯನ್ನು ಹಾಡುತ್ತದೆ. ಆದರೆ ಅದನ್ನು ರಚಿಸಿದವನು ರವಿಕೀರ್ತಿಯೆಂಬುದನ್ನು ಬಚ್ಚಿಡುವುದಿಲ್ಲ. ಹೊಯ್ಸಳರ ದೇಗುಲಗಳಲ್ಲಿ ವಿಗ್ರಹಗಳ ಕೆಳಗೆ ಮಲ್ಲಿತಮ್ಮನೇ ಮೊದಲಾದ ರೂವಾರಿಗಳ ಹೆಸರುಗಳಿವೆ. ಶರಣರು ಪ್ರತಿಯೊಂದು ವಚನಕ್ಕೂ ಅಂಕಿತವನ್ನಿಟ್ಟರು. ಓಲೆಗರಿಯ ಗ್ರಂಥಗಳ ಕೊನೆಯಲ್ಲಿ ಪ್ರತಿ ಮಾಡಿದ ಲಿಪಿಕಾರನು ಅನೇಕ ಸಲ ತನ್ನ ಹೆಸರನ್ನು ಬರೆದು, ತಪ್ಪಿದ್ದರೆ ತಿದ್ದಿಕೊಳ್ಳಿರೆಂದು ಬೇಡಿಕೊಂಡಿದ್ದಾನೆ. ಕವಿ ಬೇರೆ, ಲಿಪಿಕಾರ ಬೇರೆ ಎಂದು ಓದುವವನಿಗೆ ತಿಳಿಸುವುದು ಅವನ ಧರ್ಮವಾಗಿತ್ತು.

ಇದಕ್ಕೆ ಹೇಳುವ ಆಕ್ಷೇಪಗಳನ್ನು ಈಗ ಪರಿಶೀಲಿಸೋಣ.

ಮೊದಲನೆಯದು: "ನಿಘಂಟು ನೋಡಿದ್ದೇವೆಂದು ಯಾರಾದರೂ ಹೇಳಿಕೊಳ್ಳುತ್ತಾರೆಯೇ? ಇದೂ ಹಾಗೆಯೇ." ಹಾಗಲ್ಲ. ನಿಘಂಟು ನಿಮಗೆ ಒಂದು ಪದವನ್ನು ಕೊಡುತ್ತದೆ, ಅಭಿಪ್ರಾಯವನ್ನು ಕೊಡುವುದಿಲ್ಲ. ಕಾಗುಣಿತವನ್ನು ತಿದ್ದಿಸಿಕೊಂಡವನು ಹೇಳದಿದ್ದರೆ ಅಪಚಾರವೇನೂ ಇಲ್ಲ. ಆದರೆ ವಾದವನ್ನೂ ಆಧಾರವನ್ನೂ ವಾಕ್ಯವನ್ನೂ ಯಂತ್ರವೇ ಒದಗಿಸಿದಾಗ, "ನನ್ನ ಅನುಭವದಲ್ಲಿ" ಎಂದು ಆರಂಭಿಸುವುದು ಸುಳ್ಳು. ಯಂತ್ರಕ್ಕೆ ಅನುಭವವೆಲ್ಲಿಯದು? ಅದು ಬೋಳಾರದ ಮಳೆಯಲ್ಲಿ ಒಂದು ದಿನವೂ ನೆನೆದುದಲ್ಲ.

ಎರಡನೆಯದು: "ಬರೆಯಲು ಬಾರದವರ ಗತಿಯೇನು?" ಇದು ಕರುಣೆಯ ಪ್ರಶ್ನೆ, ಗೌರವದಿಂದಲೇ ಉತ್ತರಿಸಬೇಕು. ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಬ್ಯಾರಿಯನ್ನೋ ಆಡುವ, ಕನ್ನಡದ ಬರವಣಿಗೆಗೆ ಅಂಜುವ ಸಹೋದರ ಸಹೋದರಿಯರು ಅಲ್ಲಿದ್ದಾರೆ. ಯಂತ್ರವು ಅವರ ನಾಲಗೆಯನ್ನು ಬಿಡಿಸುವುದಾದರೆ ಸಂತೋಷವೇ. ಆದರೆ ನೋಂದಣಿ ಕಚೇರಿಯ ಹೊರಗಿನ ಪತ್ರ ಬರಹಗಾರರನ್ನು ನೆನೆಯಿರಿ. ಕ್ರಯಪತ್ರವು ಮಾರುವವನದು, ಬರೆದವರ ಹೆಸರು ಕೊನೆಯಲ್ಲಿ ಬಿಕ್ಕಲಂ ಎಂದು ಬೇರೆಯೇ ಇರುತ್ತದೆ. ಅದರಿಂದ ಮಾರುವವನ ಮಾನ ಹೋಯಿತೇ? ಪತ್ರದ ಬೆಲೆ ಕುಂದಿತೇ? ನೆರವನ್ನು ಹೇಳಿಕೊಳ್ಳುವುದು ಬಡವನಿಗೆ ಅಪಮಾನವೆಂದು ವಾದಿಸುವವರು ಬಡವನನ್ನು ಮುಂದಿಟ್ಟುಕೊಂಡು ತಮ್ಮನ್ನು ರಕ್ಷಿಸಿಕೊಳ್ಳುತ್ತಿದ್ದಾರೆ.

ಮೂರನೆಯದು: "ಹೇಳಿದರೆ ಯಾರೂ ಓದುವುದಿಲ್ಲ." ಈ ಮಾತನ್ನು ಆಡುವವರು ತಮ್ಮ ತಪ್ಪನ್ನು ತಾವೇ ಒಪ್ಪಿಕೊಂಡಂತಾಯಿತು. ತಿಳಿದರೆ ಕೊಳ್ಳದ ಸರಕನ್ನು ತಿಳಿಸದೆ ಮಾರುವುದಕ್ಕೆ ವ್ಯಾಪಾರದಲ್ಲಿ ಏನೆನ್ನುತ್ತಾರೆಂಬುದು ಎಲ್ಲರಿಗೂ ಗೊತ್ತು. ಓದುವವನು ತನ್ನ ಆಯುಷ್ಯದ ಹತ್ತು ನಿಮಿಷಗಳನ್ನು ನಿಮಗೆ ಕೊಡುತ್ತಾನೆ, ನಿಮ್ಮ ಮೇಲಿನ ಗೌರವಕ್ಕಾಗಿ ಉತ್ತರ ಬರೆಯುತ್ತಾನೆ. ಆ ಹತ್ತು ನಿಮಿಷಗಳು ಯಾರಿಗೆ ಸಂದುವೆಂಬುದನ್ನು ಅರಿಯುವ ಹಕ್ಕು ಅವನಿಗಿದೆ.

ಯಂತ್ರವು ಇಲ್ಲದುದನ್ನು ಇದೆಯೆಂದು ಹೇಳುವುದು ಬೋಳಾರದಲ್ಲಿ ಮಾತ್ರ ನಡೆದುದಲ್ಲ. 2023ರ ಜೂನಿನಲ್ಲಿ ನ್ಯೂಯಾರ್ಕಿನ ನ್ಯಾಯಾಲಯವೊಂದು, ಚಾಟ್‌ಜಿಪಿಟಿ ಕಟ್ಟಿಕೊಟ್ಟ, ಎಲ್ಲಿಯೂ ನಡೆಯದ ಮೊಕದ್ದಮೆಗಳನ್ನು ಉದಾಹರಿಸಿದ ವಕೀಲರಿಗೆ 5,000 ಡಾಲರ್ ದಂಡ ವಿಧಿಸಿತು. ಅದೇ ವರ್ಷದ ಮೇ ತಿಂಗಳಲ್ಲಿ ವೈದ್ಯಕೀಯ ಪತ್ರಿಕೆಗಳ ಸಂಪಾದಕರ ಅಂತಾರಾಷ್ಟ್ರೀಯ ಸಮಿತಿಯು, ಲೇಖಕರು ಇಂತಹ ನೆರವನ್ನು ಪ್ರಕಟವಾಗಿ ತಿಳಿಸಬೇಕು, ಯಂತ್ರವನ್ನು ಲೇಖಕನೆಂದು ಹೆಸರಿಸಕೂಡದು ಎಂದು ವಿಧಿಸಿತು. ಕಾರಣ ಸರಳವಾಗಿದೆ: ಯಂತ್ರಕ್ಕೆ ಹೊಣೆ ಹೊರಲು ಬರುವುದಿಲ್ಲ.

"ಹಾಗಾದರೆ ಪರೀಕ್ಷಿಸಿ ಹಿಡಿಯೋಣ" ಎಂದು ಹೊರಡುವ ಉತ್ಸಾಹಿಗಳಿಗೂ ಒಂದು ಮಾತು. ಚಾಟ್‌ಜಿಪಿಟಿಯನ್ನು ಮಾಡಿದ ಸಂಸ್ಥೆಯೇ ಯಂತ್ರದ ಬರಹವನ್ನು ಗುರುತಿಸುವ ಸಾಧನವೊಂದನ್ನು 2023ರ ಜನವರಿಯಲ್ಲಿ ಹೊರತಂದು, ನಿಖರತೆ ಸಾಲದೆಂದು ಜುಲೈಯಲ್ಲಿ ಹಿಂತೆಗೆದುಕೊಂಡಿತು. ಶುದ್ಧವಾಗಿ ಬರೆದವರನ್ನೆಲ್ಲ ಸಂಶಯದಿಂದ ನೋಡತೊಡಗಿದರೆ, ಕಷ್ಟಪಟ್ಟು ಕನ್ನಡ ಕಲಿತವನಿಗೆ ಅದಕ್ಕಿಂತ ದೊಡ್ಡ ಅನ್ಯಾಯ ಬೇರೆಯಿಲ್ಲ. ಈ ಸತ್ಯವನ್ನು ಹೊರಗಿನಿಂದ ಯಾರೂ ಹಿಡಿದು ತರಲಾರರು, ಬರೆಸಿದವನೇ ಹೇಳಬೇಕು. ಆದುದರಿಂದಲೇ ಇದು ಕಾಯಿದೆಯ ಪ್ರಶ್ನೆಗಿಂತ ಮೊದಲು ಆತ್ಮಸಾಕ್ಷಿಯ ಪ್ರಶ್ನೆ.

ಬೇಕಾಗಿರುವುದು ಒಂದೇ ಸಾಲು: "ಈ ಬರಹಕ್ಕೆ ಯಂತ್ರದ ನೆರವು ಪಡೆದಿದ್ದೇನೆ, ಓದಿ ನೋಡಿದ್ದೇನೆ, ಇದರ ಹೊಣೆ ನನ್ನದು." ಇಷ್ಟನ್ನು ಬರೆಯಲು ಅರ್ಧ ನಿಮಿಷ ಸಾಕು. "ಓದಿ ನೋಡಿದ್ದೇನೆ" ಎಂಬ ಮಾತು ಕೈಗೆ ಬಂದಾಗಲಾದರೂ ನಿಜವಾಗಿ ಓದುವ ಬುದ್ಧಿ ಹುಟ್ಟೀತು. ಇಲ್ಲದ ಆದೇಶಗಳು ಅಲ್ಲಿಯೇ ನಿಂತಾವು. ಈ ಪತ್ರಿಕೆಗೆ ಲೇಖನ, ಪತ್ರಗಳನ್ನು ಕಳುಹಿಸುವವರಿಗೂ ನಮ್ಮ ವಿನಂತಿ ಇದೇ. ಆ ಸಾಲು ಇದ್ದ ಮಾತ್ರಕ್ಕೆ ಯಾರ ಬರಹವನ್ನೂ ಕೀಳೆಂದು ಎಣಿಸತಕ್ಕದ್ದಲ್ಲವೆಂದು ಓದುಗರನ್ನೂ ಕೇಳಿಕೊಳ್ಳುತ್ತೇವೆ. ನಿಜ ಹೇಳಿದವನನ್ನು ಹಳಿದರೆ ಮರುದಿನದಿಂದ ಎಲ್ಲರೂ ಮುಚ್ಚಿಡುತ್ತಾರೆ.

ಬೋಳಾರದ ಆ ಗೃಹಸ್ಥರಿಬ್ಬರೂ ಐದನೆಯ ದಿನ ಸಂಜೆ ಕೊಡೆ ಹಿಡಿದು ತೋಡಿನ ಬಳಿ ನಿಂತರು. ಆ ವೃದ್ಧೆ ತಿರುವನ್ನು ತೋರಿಸಿದರು. ಹೂಳು ಅಲ್ಲಿಯೇ ಇತ್ತು.